ಕುರ್ಚಿಗೆ ಕೊರೆಸಿದ ಹೆಸರು

ಓದುಗರಿಗೆಲ್ಲ ಕಲ್ಕತ್ತದಿಂದ ನಮಸ್ಕಾರ. ಮದುವೆಯಾದ ಮೇಲೆ ಹತ್ತನೇ ತರಗತಿ ಪಾಸು ಮಾಡಿದವನು ನಾನು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಮಾನ ಇಳಿದ ಮೇಲೆ ನನ್ನ ಹೆಂಡತಿ ನಾಗವೇಣಿಯನ್ನು ಒಂದು ಕಿರಿದಾದ ಕುರ್ಚಿಗೆ ಪಟ್ಟಿ ಬಿಗಿದು, ಸೀಟುಗಳ ನಡುವಿನಿಂದ ಬಾಗಿಲಿಗೆ ತಂದರು. ಥೇಟ್ ಸಾಮಾನು ಸಾಗಿಸಿದ ಹಾಗೆ. ಹತ್ತುವಾಗ ಒಪ್ಪಿಸಿದ್ದ ಅವಳ ಗಾಲಿಕುರ್ಚಿ ಬಾಗಿಲಲ್ಲಿ ಇರಬೇಕಿತ್ತು. ಇದ್ದದ್ದು ನಿಲ್ದಾಣದ ಕುರ್ಚಿ. ನಿಮ್ಮದು ಹೊರಗೆ ಸಿಗುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಪೆಟ್ಟಿಗೆಗಳು ಬರುವ ಬೆಲ್ಟಿನ ಹತ್ತಿರ ಹೋದರೆ ಅಲ್ಲೂ ಇಲ್ಲ. ನಮ್ಮದೂ ಕಪ್ಪು, ನಿಲ್ದಾಣದವೂ ಕಪ್ಪು, ಎಲ್ಲೋ ಬೆರೆತುಹೋಗಿತ್ತು.

ಅವಳಿಗೆ ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ ಇಲ್ಲಿಗೆ ಹಾಕಿದ್ದರು. ಮರುದಿನವೇ ಹಾಜರಾಗಬೇಕು. ನಾನು ಟೈಲರ್, ಎಲ್ಲಿ ಕೂತರೂ ಹೊಲಿಯಬಹುದೆಂದು ಜೊತೆಗೆ ಹೊರಟಿದ್ದೆ. ಅವಳ ಕುರ್ಚಿಯ ಕೈ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಅದಿದ್ದರೆ ಮಂಚಕ್ಕಾಗಲಿ ಕಕ್ಕಸಿಗಾಗಲಿ ತಾನೇ ಜರುಗಿಕೊಳ್ಳುತ್ತಾಳೆ. ಇಲ್ಲದಿದ್ದರೆ ಎಲ್ಲಕ್ಕೂ ಎತ್ತಿ ಕೂರಿಸಬೇಕು. ಹೊಸ ಆಫೀಸಿನಲ್ಲಿ ಯಾರು ಎತ್ತುತ್ತಾರೆ?

"ನಾನು ಇಲ್ಲಿಂದ ಅಲ್ಲಾಡಲ್ಲ. ಪಾತ್ರೆಗೆ ಕೊರ್ಸಿದಂಗೆ ಹೆಸ್ರು ಕೊರ್ಸಿದೀರಲ್ಲ, ಹೋಗಿ ಹುಡುಕ್ರಿ!" ಎಂದಳು.

ಕೊರೆಸಿದ್ದು ನಿಜ. ನಮ್ಮ ಕಡೆ ಸ್ಟೀಲ್ ಪಾತ್ರೆ ಕೊಂಡರೆ ಹೆಸರು ಹಾಕಿಸದೆ ಯಾರು ಮನೆಗೆ ತರುತ್ತಾರೆ? ಹೊರಡುವ ಮುಂಚೆ ಖಾಲಿ ಕುರ್ಚಿ ತಳ್ಳಿಕೊಂಡು ಹೊಳಲ್ಕೆರೆಯ ಪಾತ್ರೆ ಅಂಗಡಿಗೆ ಹೋಗಿದ್ದೆ. ಅಂಗಡಿಯ ಸಾಬರು, "ಏನಪ್ಪ, ಮದುವೆಗೆ ಮುಯ್ಯಿ ಮಾಡಾಕೇನು ಇದು?" ಎಂದು ನಕ್ಕರು. ಆಮೇಲೆ ಕಾಲಿನ ಹತ್ತಿರದ ಕಂಬಿಯ ಮೇಲೆ ಮಿಷನ್ನಿನಿಂದ 'ನಾಗವೇಣಿ, ಹೊಳಲ್ಕೆರೆ' ಎಂದು ಕೊರೆದುಕೊಟ್ಟರು. "ನಾನೇನು ಅನ್ನದ ತಪ್ಲೇನ್ರಿ?" ಎಂದು ಇವಳು ಮುನಿಸಿಕೊಂಡಿದ್ದಳು.

ಸಾಲಾಗಿ ನಿಲ್ಲಿಸಿದ್ದ ಕುರ್ಚಿಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿದೆ. ಕಡೆಗೆ ಹೊರಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಹಿರಿಯರೊಬ್ಬರ ಮೊಣಕಾಲ ಹತ್ತಿರವೂ ಬಗ್ಗಿದೆ. ಅವರು ಗಾಬರಿಯಾಗಿ "ಕೀ ಹೋಲೋ?" ಎಂದರು. ಏನಾಯಿತು ಎಂದರ್ಥ. ಕಣ್ಣೆದುರು ಕನ್ನಡ ಅಕ್ಷರ! ಅದನ್ನು ತೋರಿಸಿ, ದೂರದಲ್ಲಿ ಕೂತಿದ್ದ ನಾಗವೇಣಿಯನ್ನು ತೋರಿಸಿದೆ. ಅವರಿಗೆ ಅರ್ಥವಾಯಿತು. ಜೊತೆಗಿದ್ದ ಮಗಳ ಹೆಗಲು ಹಿಡಿದು ಎದ್ದು ನಿಂತು, ಕುರ್ಚಿ ತಳ್ಳಿಕೊಂಡು ಓಡಹೊರಟ ನನಗೆ "ಆಸ್ತೆ, ಆಸ್ತೆ" ಎಂದರು. ನಿಧಾನ ಎಂದು.

ಅವಳನ್ನು ಎತ್ತಿ ಅವಳ ಕುರ್ಚಿಯಲ್ಲಿ ಕೂರಿಸಿದೆ. "ಸಾಕು, ಇನ್ನು ಕೈ ಬಿಡ್ರಿ" ಎಂದು ಗಾಲಿ ತಾನೇ ತಿರುಗಿಸಿಕೊಂಡು ಮುಂದೆ ಹೋದಳು. ಪೆಟ್ಟಿಗೆ ಹೊತ್ತು ನಾನು ಹಿಂದೆ ನಡೆದೆ.

ಈಗ ನೆಲಮಹಡಿಯ ಮನೆಯಲ್ಲಿದ್ದೇವೆ, ಹೊಸ್ತಿಲಿಗೆ ಹಲಗೆ ಹಾಕಿಸಿದ್ದೇನೆ. ಕನ್ನಡ ಕೇಳಿಸುವುದು ಮನೆಯೊಳಗೆ ಮಾತ್ರ. ನಮ್ಮ ಮಂಡಕ್ಕಿಗೆ ಇಲ್ಲಿ ಮುಡಿ ಎನ್ನುತ್ತಾರೆ, ಸಾಸಿವೆ ಎಣ್ಣೆ ಹಾಕಿ ಕಲಸುತ್ತಾರೆ. ಮೊದಮೊದಲು ಮೂಗು ಮುಚ್ಚಿಕೊಂಡೆವು. ಮೊನ್ನೆ ರಜೆಗೆ ಊರಿಗೆ ಹೋಗಿ ಮಂಡಕ್ಕಿ ತಿನ್ನುವಾಗ ಆ ಘಾಟು ಇಲ್ಲವಲ್ಲ ಅನ್ನಿಸಿತು.

ಆಗಲೇ ಸಾಬರ ಅಂಗಡಿಗೂ ಹೋಗಿದ್ದೆವು. "ಊರ ಹೆಸ್ರು ಉಜ್ಜಿ ಕಲ್ಕತ್ತ ಅಂತ ಹಾಕ್ಲೇನಮ್ಮ?" ಎಂದು ತಮಾಷೆ ಮಾಡಿದರು.

"ಉಜ್ಜಬ್ಯಾಡ್ರಿ. ಕೆಳಗೆ ಜಾಗ ಐತಲ್ಲ, ಅಲ್ಲಿ ಹಾಕ್ರಿ" ಎಂದಳು. ಅವರು ಮಿಷನ್ ಕೈಗೆತ್ತಿಕೊಂಡ ಮೇಲೆ, "ತಡೀರಿ, ಮುಂದಿನ ಸಲ ಹಾಕ್ಸಾಣ" ಎಂದು ಗಾಲಿ ಹಿಂದಕ್ಕೆ ತಿರುಗಿಸಿದಳು. ಆ ಜಾಗ ಇನ್ನೂ ಖಾಲಿ ಇದೆ.

ಗಾಲಿಕುರ್ಚಿ, ಊರುಗೋಲು, ಉಸಿರಾಟದ ಮಿಷನ್ ಕಟ್ಟಿಕೊಂಡು ವಿಮಾನ ಹತ್ತಿದವರು ನಿಮ್ಮಲ್ಲೂ ಇರಬಹುದು. ಗುರುತಿಗೆ ಏನು ಮಾಡಿದಿರಿ, ಬರೆಯಿರಿ. ನಿಧಾನಕ್ಕಾದರೂ ಎಲ್ಲವನ್ನೂ ಓದುತ್ತೇನೆ.