ನಕ್ಷೆಯಲ್ಲಿ ಇಲ್ಲದ ಅಟ್ಟ

ಕೆಲವು ವಿವರ ತಪ್ಪಿರಬಹುದು. ಟ್ರೈನಿಂಗ್ ಮುಗಿಸಿ ಬಂದ ವಾರವೋ, ಮರುವಾರವೋ, ನೆನಪಿಲ್ಲ. (ಬಿ.ಎ. ಓದಿದ್ದಕ್ಕೂ ನೆನಪಿಗೂ ಸಂಬಂಧವಿಲ್ಲ ಎಂದು ಈಗೀಗ ತಿಳಿಯುತ್ತಿದೆ.) ಆದರೆ ಮಂಡೆಕೋಲು ಊರಿನ ಅಕ್ಕನ ಮನೆಯಲ್ಲಿ ನಾನು ಕಟ್ಟಿದ ಹೊಗೆಯಿಲ್ಲದ ಒಲೆ ಹೊಗೆ ಕಾರುತ್ತಿತ್ತು. ಅದಂತೂ ಖಂಡಿತ.

ನಾನು ಗ್ರಾಮಸೇವಿಕೆ. ಟ್ರೈನಿಂಗಿನಲ್ಲಿ ಕಲಿತ ಒಲೆಯನ್ನು ಮೊದಲು ಅಕ್ಕನಿಗೇ ಕಟ್ಟಿದ್ದೆ. ಅವಳ ಕಣ್ಣು ವರ್ಷವಿಡೀ ಕೆಂಪು. ಸೂಜಿಗೆ ನೂಲು ಪೋಣಿಸಲು ಈಗಲೇ ಮಗಳು ಬೇಕು. ಹೊಗೆ ಮಣ್ಣಿನ ಕೊಳವೆಯಲ್ಲಿ ಗೋಡೆಯಾಚೆ ಹೋಗಬೇಕಿತ್ತು. ನೋಡಿದರೆ ಕೊಳವೆಯ ಬಾಯಿಗೆ ಯಾರೋ ತೆಂಗಿನ ಸಿಪ್ಪೆ ತುರುಕಿದ್ದರು!

ತೆಗೆದೆ. ಮರುದಿನ ಮತ್ತೆ ಸಿಪ್ಪೆ. ಭಾವನದೇ ಕೆಲಸ ಎಂದುಕೊಂಡೆ. ಒಲೆ ಕಟ್ಟಿದ ದಿನವೇ ಅವರು, "ಹೊಗೆ ಹೊರಗೆ ಹೋದ್ರೆ ಅಟ್ಟದ ಮುಡಿಗೆ ಎಂತ ಗತಿ ಮಾರಾಯ್ತಿ?" ಎಂದಿದ್ದರು. ಒಲೆಯ ಮೇಲಿನ ಅಟ್ಟದಲ್ಲಿ, ಹುಲ್ಲಿನ ಮುಡಿಗಳಲ್ಲಿ ಬಿಗಿದ ಬಿತ್ತನೆ ಭತ್ತ. ಹೊಗೆ ಹಿಡಿದರೆ ಹುಳ ಹತ್ತುವುದಿಲ್ಲ.

ಕಾದು ಕೂತು, ಸಿಪ್ಪೆ ತುರುಕುವ ಕೈ ಹಿಡಿದೆ. ಕೈಯಲ್ಲಿ ಬಳೆ. ಅಕ್ಕ!

"ನಿಂಗೆ ಕಣ್ಣು ಬೇಡ್ವಾ?"

"ಬೀಜಕ್ಕೆ ಹುಳ ಬಿದ್ರೆ ಬೈಗುಳ ತಿನ್ನುದು ನಾನು. ನೀನು ಸರ್ಟಿಫಿಕೇಟು ಹಿಡ್ಕೊಂಡು ಬಸ್ಸು ಹತ್ತುತ್ತಿ."

ಒಲೆ ಒಡೆಯಬೇಕೇ? ನಾನು ಒಡೆಯಲಿಲ್ಲ. ಕೊಳವೆಯನ್ನೇ ಮೇಲಕ್ಕೆ ತಿರುಗಿಸಿ ಅಟ್ಟಕ್ಕೆ ಬಿಟ್ಟೆ. ಹೊಗೆ ಮುಡಿಗಳನ್ನು ಸುತ್ತಿ, ಹಂಚಿನ ಸಂದಿಯಿಂದ ಹೊರಗೆ.

ನೋಡಲು ಬಂದ ಅಧಿಕಾರಿ ಸಿಡುಕಿದರು. "ಟ್ರೈನಿಂಗಿನಲ್ಲಿ ಕೊಟ್ಟ ನಕ್ಷೆಯಲ್ಲಿ ಹೀಗುಂಟಾ?"

"ನಕ್ಷೆಯಲ್ಲಿ ಅಟ್ಟವೇ ಇಲ್ಲ ಸರ್."

"ಕಿತ್ತು ಸರಿಯಾಗಿ ಕಟ್ಟಿ."

"ಕಟ್ಟುದಿಲ್ಲ."

ನನ್ನನ್ನು ಹಟಮಾರಿ ಎಂದು ಮೇಲಿನವರಿಗೆ ಹೇಳಿದರಂತೆ. ಹೇಳಲಿ. ಕಲಿತದ್ದನ್ನು ಒಪ್ಪಿಸಲು ಗಿಳಿ ಸಾಕು. ಒಲೆ ಕಟ್ಟುವವಳು ಅಟ್ಟ ಹತ್ತಿ ನೋಡಬೇಡವೇ?

ಈಗ ಭಾವ ಬಂದವರಿಗೆಲ್ಲ ತೋರಿಸುತ್ತಾರೆ: "ನಮ್ಮ ಒಲೆ. ಮುಡಿಗೆ ಒಂದು ಹುಳ ಇಲ್ಲ, ನೋಡಿ!" ಅಕ್ಕನ ಕಣ್ಣಿನ ಮಾತೇ ಇಲ್ಲ.

ಹೋದ ಭಾನುವಾರ ಭಾವನನ್ನು ಕೇಳಿಯೇಬಿಟ್ಟೆ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

"ಭಾವ, ಭತ್ತಕ್ಕೆ ಹೊಗೆ ಸಾಲುದಿಲ್ಲ ಅಂತ ಒಂದೇ ದಿನದಲ್ಲಿ ಗೊತ್ತಾಯ್ತಲ್ಲ ನಿಮಗೆ, ಅಕ್ಕನಿಗೆ ಹೆಚ್ಚಾಯ್ತು ಅಂತ ಇಷ್ಟು ವರ್ಷ ಗೊತ್ತಾಗ್ಲಿಲ್ವಾ?"