ಶನಿವಾರದವರ ಮನೆಯ ಮದುವೆ

ಬೆಟಗೇರಿಯಲ್ಲಿ ನಮ್ಮ ಮಗ್ಗದ ಮನೆಗೆ ಹೊಂದಿಕೊಂಡು ಒಂದು ಕ್ರೈಸ್ತರ ಮನೆ ಇತ್ತು. ಓಣಿಯವರು ಅವರನ್ನು ‘ಶನಿವಾರದವರು’ ಅನ್ನುತ್ತಿದ್ದರು. ಉಳಿದ ಕ್ರೈಸ್ತರು ರವಿವಾರ ಪ್ರಾರ್ಥನೆಗೆ ಹೋದರೆ, ಇವರು ಶುಕ್ರವಾರ ಹೊತ್ತು ಮುಳುಗಿದ ಕೂಡಲೇ ಒಲೆ ಆರಿಸಿ ಮರುದಿನ ಸಂಜೆಯವರೆಗೆ ಯಾವ ಕೆಲಸವನ್ನೂ ಮುಟ್ಟುತ್ತಿರಲಿಲ್ಲ. ಮಾಂಸವಿಲ್ಲ, ಚಹಾ ಸೈತ ಇಲ್ಲ. “ಇವರು ನಮಗಿಂತ ಮಡಿ ಅದಾರಲ್ಲವಾ!” ಎಂದು ನನ್ನ ಅಜ್ಜಿಗೆ ಭಾರಿ ಅಭಿಮಾನ.

ಆ ಮನೆಯ ಯಜಮಾನ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಅವನ ಮಗಳು ನನ್ನ ಜೀವದ ಗೆಳತಿ. ಅವನ ಹೆಂಡತಿ ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು ಅಜ್ಜಿಯ ಜೊತೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತ ತಮ್ಮ ಪಂಥದ ಹುಟ್ಟು ಹೇಳುತ್ತಿದ್ದಳು. ಬಹಳ ಹಿಂದೆ ಅಮೆರಿಕಾದಲ್ಲಿ ಒಬ್ಬ ರೈತ ಬೈಬಲ್ ಓದಿ ಲೆಕ್ಕ ಹಾಕಿ, ಇಂಥ ಹೊತ್ತಿಗೆ ಯೇಸುಸ್ವಾಮಿ ತಿರುಗಿ ಬರುತ್ತಾನೆ ಅಂದನಂತೆ. ನಂಬಿದ ಜನ ಹೊಲದ ಬೆಳೆ ಹೊಲದಲ್ಲೇ ಬಿಟ್ಟು ಕಾದರಂತೆ. ಸ್ವಾಮಿ ಬರಲಿಲ್ಲ. ಅತ್ತರು. ಕೆಲವರು ನಂಬಿಕೆ ಬಿಟ್ಟರು. ಕೆಲವರು, ಲೆಕ್ಕ ಸರಿ, ನಾವು ತಿಳಿದದ್ದು ತಪ್ಪು ಅಂದರು. ಅವರಿಂದ ಒಂದು ದೊಡ್ಡ ಪಂಥ ಹುಟ್ಟಿತು, ಅದು ಒಡೆದು ಸಣ್ಣ ಸಣ್ಣವು ಆದವು. ಇವರದು ಅಂಥದೊಂದು ಸಣ್ಣದು. ಸತ್ತವರು ಸ್ವಾಮಿ ಬಂದು ಎಬ್ಬಿಸುವತನಕ ಸುಮ್ಮನೆ ನಿದ್ದೆ ಮಾಡುತ್ತಾರೆ, ನರಕದಲ್ಲಿ ಯಾರೂ ಕೊನೆಯಿಲ್ಲದೆ ಬೇಯುವುದಿಲ್ಲ ಎಂದು ಅವರ ನಂಬಿಕೆ.

“ಅದೆಲ್ಲ ಖರೆ,” ಅಂದಳು ಅಜ್ಜಿ. “ಆ ಹೊಲದಾಗಿನ ಬೆಳಿ ಏನಾತು?”

“ಅದನ್ನ ನಾ ಯಾರನ್ನೂ ಕೇಳಿಲ್ಲರಿ,” ಎಂದು ಆಕೆ ನಕ್ಕಳು.

ಸ್ವಾತಂತ್ರ್ಯ ಬಂದು, ಸಂಸ್ಥಾನಗಳೂ ವಿಲೀನವಾದ ಹೊಸತು. ಲಕ್ಷ್ಮೇಶ್ವರದ ಹುಡುಗನೊಬ್ಬನ ಜೊತೆ ಗೆಳತಿಯ ಮದುವೆ ಗೊತ್ತಾಯಿತು. ಅವರದೂ ಶನಿವಾರದ ಮನೆತನವೇ. ಅಷ್ಟರಲ್ಲಿ ಪುಣೆ ಕಡೆಯಿಂದ ಅವರ ಬೋಧಕ ಬಂದ. “ಮಹಾಯುದ್ಧ ಆತು, ದೇಶ ಒಡೀತು, ರಾಜರ ಕಿರೀಟ ಉದುರಿದವು. ಇವೆಲ್ಲ ಗುರುತು. ಮುಂಗಾರಿಗಿಂತ ಮೊದಲ ಸ್ವಾಮಿ ಬರತಾನ. ಈಗ್ಯಾಕ ಮದುವಿ?” ಎಂದ. ಯಜಮಾನ ತಲೆ ಬಾಗಿಸಿ ಮದುವೆ ನಿಲ್ಲಿಸಿಬಿಟ್ಟ. ಗೆಳತಿ ನನ್ನ ಮಗ್ಗದ ಪಕ್ಕ ಕುಳಿತು, “ಸ್ವಾಮಿ ಬರಲಿ, ನಾ ಬ್ಯಾಡ ಅನ್ನೂದಿಲ್ಲ. ಒಂದೀಟು ತಡಾ ಮಾಡಿ ಬಂದ್ರ ಆಗೂದಿಲ್ಲೇನು?” ಎಂದು ಬಿಕ್ಕಿದಳು.

ಅಜ್ಜಿ ಕೈಯೊಳಗಿನ ನೂಲು ಬಿಟ್ಟು ಎದ್ದಳು. ನೇರ ಅವರ ಕಟ್ಟೆಗೆ ಹೋಗಿ ಬೋಧಕನ ಎದುರು ಕುಳಿತಳು. ನಾವೂ ಹಿಂದೆ ಓಡಿದೆವು.

“ಅಮೆರಿಕಾದಾಗ ಕಾದು ಕಾದು ಅತ್ತರಂತಲ್ಲರಿ, ಆ ಮಂದಿ ಆಮ್ಯಾಲೆ ಏನು ಮಾಡಿದ್ರು?”

“ಮನಿಗೆ ಹೋದ್ರು.”

“ಮಕ್ಕಳ ಮದುವಿ ಮಾಡಿದ್ರೋ ಇಲ್ಲೋ?”

“ಮಾಡಿರಬೇಕು.”

“ಮಾಡಿದ್ದಕ್ಕ ತಾನೇ ನಿಮ್ಮ ಪಂಥ ಬೆಟಗೇರಿತನಕ ಬಂದದ್ದು?”

ಆಗ ಗೆಳತಿಯ ಅವ್ವ, ಬೋಧಕನೆದುರು ಎಂದೂ ದನಿ ಎತ್ತದವಳು, ಬಾಗಿಲಿಂದ ಹೊರಗೆ ಬಂದಳು.

“ಬೈಬಲ್‌ದಾಗ ಸ್ವಾಮಿ ಕಾನಾ ಊರಿನ ಮದುವಿಗೆ ಹೋಗಿದ್ದನಲ್ಲರಿ. ನಮ್ಮನಿ ಮದುವಿಗೂ ಬರಲಿ. ಬಂದ್ರ ಮೊದಲನೇ ಪಂಕ್ತಿಗೆ ಕುಂಡ್ರಸ್ತೀನಿ.”

ಯಜಮಾನನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದು ನೋಡಿ ಬೋಧಕನೂ ನಕ್ಕುಬಿಟ್ಟ. “ಆತು ತಾಯಿ, ಪ್ರಾರ್ಥನಿ ನಾನೇ ಮಾಡಸ್ತೀನಿ,” ಅಂದ.

ರವಿವಾರ ಮದುವೆ. ನಾನು ನೇಯ್ದ ಕೆಂಪು ಸೀರೆಯಲ್ಲಿ ಗೆಳತಿ ಮಿಂಚುತ್ತಿದ್ದಳು. ಬೋಧಕ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು, ಹಾರ್ಮೋನಿಯಂ ಎಳೆದುಕೊಂಡು ಹಾಡಿದ್ದೇ ಹಾಡಿದ್ದು. ಪದ ಕ್ರಿಸ್ತನದು, ಧಾಟಿ ಅಪ್ಪಟ ಲಾವಣಿ. ಓಣಿಯೆಲ್ಲ ತಾಳ ಹಾಕಿತು. ದಿಬ್ಬಣದ ಚಕ್ಕಡಿ ಹೊರಡುವಾಗ ಗೆಳತಿ ನನ್ನ ಕೈ ಬಿಡಲಿಲ್ಲ. “ಲೇ, ಹತ್ತು ಜಲ್ದಿ!” ಅಂದಳು. ಅಜ್ಜಿ ಹಿಂದಿನಿಂದ ನೂಕಿದಳು. ಉಟ್ಟ ಸೀರೆಯಲ್ಲೇ ಮದುಮಗಳಿಗೆ ಜೊತೆಯಾಗಿ ಲಕ್ಷ್ಮೇಶ್ವರಕ್ಕೆ ಹೋದವಳು, ಮುಂಗಾರು ಮಳೆ ಹಿಡಿದ ಮೇಲೆಯೇ ಬೆಟಗೇರಿಗೆ ತಿರುಗಿ ಬಂದೆ.