ಒಳಗೆ ಚೆಂಡು ಕೊಡುವವಳು

ನಾನು ಎತ್ತರದ ಹುಡುಗಿ. ಕಂಪ್ಲಿಯ ನಮ್ಮ ಮನೆಯಲ್ಲಿ ಇದೊಂದು ಸುದ್ದಿಯೇ ಆಗಿತ್ತು. ಅಪ್ಪನ ಅಕ್ಕಿ ಗಿರಣಿಗೆ ಬಂದವರು ಭತ್ತದ ಮಾತು ಮುಗಿಸಿ ಏಳುವಾಗ, ಈಕೆ ಇನ್ನೂ ಬೆಳೆಯುತ್ತಾಳೇನ್ರಿ ಎಂದು ಕೇಳಿಯೇ ಹೋಗುತ್ತಿದ್ದರು. ನನ್ನ ಎತ್ತರದಿಂದ ಲಾಭ ಮಾಡಿಕೊಂಡವಳು ಅಜ್ಜಿ ಒಬ್ಬಳೇ. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಬೇಕಾದಾಗ ನನ್ನನ್ನು ಕೂಗಿ, ನಮ್ಮ ನಿಚ್ಚಣಿಕೆ ಬಂತು ದಾರಿ ಬಿಡ್ರಿ ಎಂದು ಮನೆಮಂದಿಗೆಲ್ಲ ಸಾರುತ್ತಿದ್ದಳು. ಅವಳು ಅಂದರೆ ನನಗೂ ನಗು ಬರುತ್ತಿತ್ತು. ಬೇರೆಯವರು ಅಂದರೆ ಮಾತ್ರ ಹೆಗಲು ಇಳಿಬಿಟ್ಟು, ಕುತ್ತಿಗೆ ತಗ್ಗಿಸಿ, ಇದ್ದುದಕ್ಕಿಂತ ಗಿಡ್ಡ ಕಾಣಲು ನೋಡುತ್ತಿದ್ದೆ.

ಹೊಸಪೇಟೆಯ ಕಾಲೇಜಿಗೆ ಸೇರಿದ ಮೊದಲ ವಾರವೇ ಆಟದ ಮೇಡಂ ನನ್ನನ್ನು ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದರು. ಬಾಸ್ಕೆಟ್‌ಬಾಲ್ ಬರುತ್ತದೆಯೇ ಎಂದು ಕೇಳಲಿಲ್ಲ. ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಸಂಜೆ ಶೂ ಹಾಕಿಕೊಂಡು ಬಾ ಎಂದರು. ಅಷ್ಟಕ್ಕೇ ನಾನು ತಂಡದ ಸೆಂಟರ್ ಆದೆ.

ಸೆಂಟರ್ ಎಂದರೆ ಅಂಗಳದ ನಡುಮಧ್ಯ ನಿಲ್ಲುವವಳು ಎಂದುಕೊಂಡಿದ್ದೆ. ಅಲ್ಲವಂತೆ. ನಾವು ಬಾಸ್ಕೆಟ್ ಹಾಕಬೇಕಾದ ರಿಂಗಿನ ಹತ್ತಿರ ಹೋಗಿ, ಆ ರಿಂಗಿಗೇ ಬೆನ್ನು ಮಾಡಿ ನಿಲ್ಲಬೇಕು. ಎದುರಾಳಿ ಹುಡುಗಿ ನನ್ನ ಬೆನ್ನಿಗೆ ಅಂಟಿಕೊಂಡು ನಿಂತಿರುತ್ತಾಳೆ. ಹೊರಗಿನಿಂದ ನಮ್ಮವರು ಚೆಂಡು ಒಳಗೆ ಕೊಡುತ್ತಾರೆ. ಹಿಡಿದು, ತಿರುಗಿ, ಹಾಕಬೇಕು. ಆ ವರ್ಷ ನಮ್ಮ ತಂಡದ ಯೋಜನೆ ಎಂದರೆ ಇಷ್ಟೇ: ಎಲ್ಲರೂ ಚೆಂಡನ್ನು ಮೇಲೆ ಎಸೆಯಿರಿ, ಉದ್ದನೆಯವಳು ನೋಡಿಕೊಳ್ಳುತ್ತಾಳೆ.

ಉದ್ದನೆಯವಳು ಏನನ್ನೂ ನೋಡಿಕೊಳ್ಳಲಿಲ್ಲ. ಹಿಂದಿನಿಂದ ಯಾರದೇ ಮೈ ತಾಗಿದರೂ ಸರಿದು ದಾರಿ ಬಿಡುವುದು ನನಗೆ ಮನೆಯಲ್ಲಿ ಕಲಿಸಿದ ನಡತೆ. ಎದುರಾಳಿ ಸೊಂಟದಿಂದ ಸ್ವಲ್ಪ ಒತ್ತಿದರೆ ಸಾಕು, ನಾನು ಪಕ್ಕಕ್ಕೆ ಸರಿಯುತ್ತಿದ್ದೆ. ಒಂದು ಆಟದಲ್ಲಂತೂ ನನ್ನ ಮೊಣಕೈ ತಾಗಿದವಳಿಗೆ, ಪೆಟ್ಟಾಯಿತೇನ್ರಿ ಎಂದು ಕೇಳುತ್ತ ನಿಂತೆ. ಆಕೆ ಇಲ್ಲ ಎಂದು ತಲೆಯಾಡಿಸುತ್ತಲೇ ನನ್ನ ಕೈಯಿಂದ ಚೆಂಡು ಕಿತ್ತುಕೊಂಡು ಓಡಿದಳು.

ನಮ್ಮ ತಂಡದಲ್ಲಿ ಚೆಂಡನ್ನು ಮುಂದೆ ತರುವವಳು ಯಶವಂತನಗರದವಳು. ಅವಳ ಅಪ್ಪ ಗಣಿಯಲ್ಲಿ ಲಾರಿ ಡ್ರೈವರ್. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಸಂಡೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದಳು. ನನಗಿಂತ ಒಂದು ವರ್ಷ ಹಿರಿಯಳು, ನನ್ನ ಭುಜಕ್ಕೂ ಬಾರದವಳು. ಬಾಯಿ ಮಾತ್ರ ದೊಡ್ಡದು. ಆ ಆಟ ಮುಗಿದ ಮೇಲೆ ಎಲ್ಲರೆದುರೇ ಕೇಳಿದಳು:

'ಲೇ, ಕಂಪ್ಲಿ ಬಸ್ಸಿನ್ಯಾಗ ಹೆಂಗ ನಿಂದ್ರತಿ? ಯಾರಾರ ತಳ್ಳಿದ್ರ ನಡುದಾರ್ಯಾಗ ಇಳದ್ ಹೋಗ್ತಿಯೇನು?'

ಮೇಲಿನ ರಾಡ್ ಹಿಡಿದು ನಿಲ್ಲುತ್ತೇನೆ ಎಂದೆ.

'ಇಲ್ಲಿ ರಾಡ್ ಇಲ್ಲ. ಕಾಲು ಅಗಲ ಮಾಡು. ಕುಂಡಿ ಇಳಿಸು, ಸ್ಟೂಲಿನ ಮ್ಯಾಲ ಕುಂತಂಗ. ಈಗ ನಾ ತಳ್ಳತೀನಿ. ಜಾಗ ಬಿಟ್ಟು ಸರಿದಿ ಅಂದ್ರ ನೋಡು.'

ಅಂದಿನಿಂದ ಪ್ರತಿ ಸಂಜೆ ಅವಳು ನನ್ನ ಹಿಂದೆ ನಿಂತು ತಳ್ಳತೊಡಗಿದಳು. ಮಂಡಿ, ಹೆಗಲು, ಒಮ್ಮೊಮ್ಮೆ ತಲೆ. ಕೋರ್ಟಿನ ಕೆಂಪು ಧೂಳು ಬೆವರಿಗೆ ಮೆತ್ತಿ ಇಬ್ಬರೂ ಒಂದೇ ಬಣ್ಣವಾಗುತ್ತಿದ್ದೆವು. ನಿಂತ ಜಾಗ ಬಿಟ್ಟುಕೊಡದೆ ನಿಲ್ಲುವುದನ್ನು ನನ್ನ ಮೈ ನಿಧಾನವಾಗಿ ಕಲಿಯಿತು. ಆಮೇಲೆ ಕೈಯ ಪಾಠ. ಹಿಂದಿನವಳು ಯಾವ ಕಡೆ ಒತ್ತುತ್ತಾಳೋ ಅದರ ಇನ್ನೊಂದು ಕಡೆಯ ಕೈಯನ್ನು ನಾನು ಚಾಚಬೇಕು, ಚೆಂಡು ಅದೇ ಕೈಗೆ ಬರುತ್ತದೆ. ಬರುತ್ತಿತ್ತು ಕೂಡ. ಅವಳು ಬೇರೆಲ್ಲೋ ನೋಡುತ್ತಿರುತ್ತಿದ್ದಳು. ಚೆಂಡು ಒಮ್ಮೆ ನೆಲಕ್ಕೆ ಪುಟಿದು, ಒಮ್ಮೆ ಯಾರದೋ ಕಿವಿಯ ಪಕ್ಕದಿಂದ ತೂರಿ, ನನ್ನ ಅಂಗೈಗೆ ಬಂದು ಕೂರುತ್ತಿತ್ತು. ಅದು ಅಲ್ಲಿಗೆ ಬರುವುದೇ ಸಹಜ ಎಂದು ನಾನು ತಿಳಿದಿದ್ದೆ. ನಲ್ಲಿ ತಿರುಗಿಸಿದರೆ ನೀರು ಬಂದ ಹಾಗೆ.

ಮರುವರ್ಷ ನಾನು ಬಾಸ್ಕೆಟ್ ಹಾಕತೊಡಗಿದೆ. ಹಾಕತೊಡಗಿದ ಕೂಡಲೇ ಎದುರಾಳಿಗಳು ನನ್ನ ಮೇಲೆ ಇಬ್ಬಿಬ್ಬರನ್ನು ಬಿಟ್ಟರು. ಆಗ ಮೇಡಂ ಯೋಜನೆ ಬದಲಿಸಿದರು. ನಮ್ಮಲ್ಲಿ ಹಂಪಿಯ ಹುಡುಗಿಯೊಬ್ಬಳಿದ್ದಳು, ಮೂಲೆಯಲ್ಲಿ ನಿಂತು ದೂರದಿಂದ ಹಾಕುವುದರಲ್ಲಿ ಗಟ್ಟಿ. ಅವಳ ಮನೆಯವರು ಗೆಸ್ಟ್ ಹೌಸ್ ನಡೆಸುತ್ತಾರೆ. ಒಂದು ಭಾನುವಾರ ಅಲ್ಲಿ ನಮ್ಮೆಲ್ಲರಿಗೂ ಊಟ. ಬಾಳೆತೋಟ ಕಾಣುವ ಮಹಡಿಯ ಮೇಲೆ ಮೇಡಂ ಸ್ಟೀಲ್ ಲೋಟಗಳನ್ನು ಜೋಡಿಸಿ ಪಾಠ ಶುರು ಮಾಡಿದರು. ಲೋಟಗಳೆಲ್ಲ ಉಳಿದವರು, ಚೊಂಬು ನಾನು. ಚೆಂಡು ಮೊದಲು ಚೊಂಬಿಗೆ ಹೋಗಬೇಕು. ಚೊಂಬು ಹಾಕಲು ಹೋಗಬಾರದು, ತಲೆಯ ಮೇಲೆತ್ತಿ ಹಿಡಿದು ಕಾಯಬೇಕು. ಇಬ್ಬರು ಚೊಂಬಿನ ಮೇಲೆ ಬಿದ್ದರೆ ಎಲ್ಲೋ ಒಂದು ಲೋಟಕ್ಕೆ ಕಾವಲಿಲ್ಲ ಎಂದೇ ಅರ್ಥ. ಚೆಂಡು ಆ ಲೋಟಕ್ಕೆ. ಅಷ್ಟರಲ್ಲಿ ಹಂಪಿಯವಳ ಅವ್ವ ಬಂದು, ನೀರು ತರ್ತೀನ್ರಿ ಎಂದು ಚೊಂಬನ್ನೇ ಎತ್ತಿಕೊಂಡು ಹೋದರು. ಸೆಂಟರ್ ಊಟಕ್ಕೆ ಎದ್ದು ಹೋದಳು ಎಂದು ಯಶವಂತನಗರದವಳು ಅಂದಳು, ಅಲ್ಲಿಗೆ ಪಾಠ ಮುಗಿಯಿತು. ಆದರೆ ಆಟ ತಲೆಯಲ್ಲಿ ಕೂತಿತು.

ಯಶವಂತನಗರದವಳಿಗೆ ಅದು ಕಾಲೇಜಿನ ಕೊನೆಯ ವರ್ಷ. ಮುಂದೆ ಆಟದ ಮೇಡಂ ಆಗಬೇಕೆಂಬುದು ಅವಳ ಆಸೆ. ಅದಕ್ಕೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದರೆ ದಾರಿ ಸಲೀಸು. ಆಯ್ಕೆ ಮಾಡುವವರು ಹೊಸಪೇಟೆಯಲ್ಲೇ ನಡೆಯುವ ಪಂದ್ಯಾವಳಿಗೆ ಬರುವವರಿದ್ದರು. ಅವರ ಕಣ್ಣಿಗೆ ಬೀಳುವವರು ಬಾಸ್ಕೆಟ್ ಹಾಕುವವರು ಎಂಬುದು ಎಲ್ಲರ ನಂಬಿಕೆ. ನಮ್ಮ ಆಟದಲ್ಲೋ, ಅವಳು ಹಾಕುವುದಕ್ಕಿಂತ ಒಳಗೆ ಕೊಡುವುದೇ ಹೆಚ್ಚು. ಪಂದ್ಯದ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ನಾನೇ ಹೇಳಿದೆ, ನಾಳೆ ನನಗೆ ಕೊಡಬೇಡ, ನೀನೇ ಹಾಕು ಎಂದು. ಅವಳು ಸಂಡೂರಿನ ಬಸ್ಸು ಬರುವ ದಿಕ್ಕನ್ನು ನೋಡುತ್ತಲೇ ಅಂದಳು:

'ನಂಗೂ ಆಸಿ ಐತಿ, ಸುಳ್ಳ್ಯಾಕ ಹೇಳ್ಲಿ? ಆದ್ರ ನಾ ಹೊರಗಿಂದ ಹೊಡಕೋಂತ ನಿಂತ್ರ ನೀ ಅಲ್ಲಿ ಬರೇ ಕಂಬ ಆಗ್ತಿ. ನಿನ್ನ ಕಂಬ ಮಾಡಾಕೇನು ನಾ ಇಷ್ಟ್ ದಿನಾ ತಳ್ಳಿದ್ದು?'

ಬಸ್ಸು ಬಂತು, ಹತ್ತಿ ಹೋದಳು. ನಾನು ಕಂಪ್ಲಿಯ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅದನ್ನೇ ಯೋಚಿಸಿದೆ.

ಪಂದ್ಯ ಬಳ್ಳಾರಿಯ ತಂಡದ ಮೇಲೆ. ಆಯ್ಕೆಯವರು ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆಟ ಶುರುವಾದಾಗ ಅವಳಿಗೂ ಆಸೆ ತಡೆಯಲಾಗಲಿಲ್ಲವೇನೋ, ಹೊರಗಿನಿಂದ ತಾನೇ ಹೊಡೆದಳು. ತಪ್ಪಿತು. ಇನ್ನೊಮ್ಮೆ ಹೊಡೆದಳು, ಅದೂ ತಪ್ಪಿತು. ಬೇವಿನ ಕಡೆ ಒಮ್ಮೆ ಕಣ್ಣು ಹಾಯಿಸಿದ್ದನ್ನು ನಾನು ನೋಡಿದೆ. ಮುಂದಿನ ಸಲ ಚೆಂಡು ನನ್ನ ಚಾಚಿದ ಕೈಗೇ ಬಂತು. ಆಮೇಲೆ ಅವಳು ಬೇವಿನ ಕಡೆ ನೋಡಲಿಲ್ಲ.

ಅಂದಿನ ಹಾಗೆ ನಾವು ಎಂದೂ ಆಡಿರಲಿಲ್ಲ. ಚೆಂಡು ಒಳಗೆ ಬರುವುದು, ಇಬ್ಬರು ನನ್ನ ಮೇಲೆ ಮುಗಿಬೀಳುವುದು, ನಾನು ಮೂಲೆಗೆ ಕೊಡುವುದು, ಹಂಪಿಯವಳು ಹಾಕುವುದು. ಕೊನೆಗೆ ನಾವು ಒಂದು ಅಂಕ ಹಿಂದಿದ್ದೆವು, ಒಂದೇ ಅವಕಾಶ ಉಳಿದಿತ್ತು. ಚೆಂಡು ನನಗೆ ಬಂತು. ಇಬ್ಬರೂ ನನ್ನನ್ನು ಮುತ್ತಿದರು. ಯಶವಂತನಗರದವಳು ನನ್ನ ಹೆಗಲು ಸವರಿಕೊಂಡೇ ರಿಂಗಿನತ್ತ ಓಡಿದಳು, ನಾನು ಅವಳ ಮುಂದೆ ಚೆಂಡು ಇಳಿಬಿಟ್ಟೆ. ಅಡ್ಡ ಯಾರೂ ಇರಲಿಲ್ಲ. ಎತ್ತಿ ಹಾಕಿದಳು. ಚೆಂಡು ರಿಂಗಿನ ಅಂಚಿನ ಮೇಲೆ ಉರುಳಿ ಹೊರಗೆ ಬಿತ್ತು.

ಸೋತೆವು. ಅವಳು ನೀರಿನ ಟ್ಯಾಂಕಿನ ಹಿಂದೆ ಹೋಗಿ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಮೇಡಂ ನಮ್ಮಿಬ್ಬರನ್ನೂ ಕರೆಸಿದರು. ಆಯ್ಕೆಯವರಲ್ಲಿ ಹಿರಿಯರೊಬ್ಬರು ಅವಳತ್ತ ಕೈ ತೋರಿಸಿ ಹೇಳುತ್ತಿದ್ದರು:

'ಎತ್ತರದ ಹುಡುಗ್ಯಾರು ನಮ್ಮಲ್ಲಿ ಅದಾರ್ರಿ ಮೇಡಂ. ಅವರಿಗೆ ಒಳಗ ಬಾಲ್ ಕೊಡಾಕಿ ಒಬ್ಬಾಕಿನೂ ಇದ್ದಿದ್ದಿಲ್ಲ. ಈಕಿನ್ನ ಕಳಸ್ರಿ.'

ನನ್ನನ್ನು ಆರಿಸಲಿಲ್ಲ. ನನಗೆ ಅದು ನೋಯಲೂ ಇಲ್ಲ. ಅವಳು ಮಾತ್ರ ಅವರ ಮುಖ ನೋಡಿ, ಮೇಡಂ ಮುಖ ನೋಡಿ, ಕೊನೆಗೆ ನನ್ನ ಬೆನ್ನಿಗೆ ಹಣೆ ಒತ್ತಿ ಅತ್ತಳು. ನಾನು ಕಾಲು ಅಗಲ ಮಾಡಿ ಗಟ್ಟಿಯಾಗಿ ನಿಂತೆ.

ಒಳಗೆ ಚೆಂಡು ಕೊಡುವುದು ಎಷ್ಟು ದೊಡ್ಡ ವಿದ್ಯೆ ಎಂದು ನನಗೆ ತಿಳಿದದ್ದು ಅದರ ಮುಂದಿನ ವರ್ಷ. ತಂಡಕ್ಕೆ ಹೊಸ ಸೆಂಟರ್ ಒಬ್ಬಳು ಬಂದಿದ್ದಳು. ಚೆಂಡು ಕೊಡುವುದನ್ನು ಹೊಸ ಹುಡುಗಿಯರಿಗೆ ನೀನೇ ತೋರಿಸು ಎಂದು ಮೇಡಂ ನನ್ನನ್ನು ಮೊದಲ ಬಾರಿಗೆ ಹೊರಗೆ ನಿಲ್ಲಿಸಿದರು. ಒಳಗೆ ನಿಂತಾಗ ಕಂಡದ್ದೇ ಬೇರೆ, ಹೊರಗಿನಿಂದ ಕಂಡದ್ದೇ ಬೇರೆ. ಕೈ, ಮೊಣಕೈ, ತಲೆ, ಸೊಂಟ, ಅವುಗಳ ನಡುವೆ ಒಂದು ಸಂದು. ಕಂಡಿತು ಅನ್ನುವಷ್ಟರಲ್ಲಿ ಮುಚ್ಚಿಕೊಳ್ಳುವಂಥದ್ದು. ನಾನು ಎಸೆದೆ. ಚೆಂಡು ನಡುವೆ ನಿಂತಿದ್ದ ಹುಡುಗಿಯ ನೆತ್ತಿಗೆ ಬಡಿದು ರಸ್ತೆಗೆ ಹೋಯಿತು. ಮತ್ತೆ ಎಸೆದೆ, ಅದೂ ಮುಟ್ಟಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಒಬ್ಬಳು ದಿನಾ ಆ ಸಂದಿನಲ್ಲಿ ನನ್ನ ಕೈ ಹುಡುಕಿ ಹುಡುಕಿ ಚೆಂಡು ಇಟ್ಟಿದ್ದಳು.

ಸಂಜೆ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಷ್ಟು ದಿನ ನೀನು ಏನು ಮಾಡುತ್ತಿದ್ದೆ ಎಂದು ಇವತ್ತು ಗೊತ್ತಾಯಿತು ಎಂದೆ.  ಅವಳು ಮೆಲ್ಲಗೆ ಕೇಳಿದಳು:

'ಆ ಹುಡುಗಿ ತಲಿಗೆ ಭಾಳ ಪೆಟ್ಟಾತೇನ್ಲೇ?'